ಏಳನೇ ಕಮಾನಿನ ಸೊನ್ನೆ

"ಸುಳ್ಳು!"

ತಲೆಯ ಮೇಲಿನಿಂದ ಬಿದ್ದ ಆ ಒಂದು ಮಾತಿಗೆ ಇಪ್ಪತ್ತಮೂರು ಜನ ಪ್ರವಾಸಿಗರು ಒಟ್ಟಿಗೆ ಕತ್ತೆತ್ತಿದರು. ಅವರ ಗೈಡ್ ಆಗಿದ್ದ ಅವಳೂ ಎತ್ತಿದಳು. ಗುಂಪಿಗೆ ದಾರಿ ತೋರಿಸಲು ಹಿಡಿದಿದ್ದ ಹಳದಿ ಛತ್ರಿ ಗಾಳಿಯಲ್ಲೇ ನಿಂತುಬಿಟ್ಟಿತು.

ಏಳನೇ ಕಮಾನಿಗೆ ಕಟ್ಟಿದ್ದ ಅಟ್ಟಣಿಗೆಯ ಮೇಲೆ ಒಬ್ಬ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ತಲೆ ತುಂಬಾ ಕಲ್ಲಿನ ಪುಡಿ. ಒಂದು ಕೈಯಲ್ಲಿ ಪುಟ್ಟ ಸುತ್ತಿಗೆ, ಇನ್ನೊಂದರಲ್ಲಿ ಅರ್ಧ ತಿಂದ ಬಾಳೆಹಣ್ಣು!

"ಏನಂದ್ರಿ?"

"ಸುಳ್ಳು ಅಂದೆ. ಈ ಕಲ್ಲಿನ ಮೇಲಿರೋ ಎರಡು ಗುರುತು ಪ್ರೇಮಿಗಳದ್ದಲ್ಲ. ಬಾಣದ ಗುರುತು ಕಲ್ಲು ಕೆತ್ತಿದವನದು. ಅರ್ಧಚಂದ್ರ ಅದನ್ನ ತಿದ್ದಿದವನದು. ಮೊದಲನೆಯವನು ಅಳತೆ ತಪ್ಪಿ ಕೆಡಿಸಿದ, ಎರಡನೆಯವನು ಸರಿಮಾಡಿದ. ಇಷ್ಟೇ ಕಥೆ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಕೆಂಪಾಯಿತು.

"ನೀವು ನಾನ್ನೂರು ವರ್ಷದ ಹಿಂದೆ ಇಲ್ಲಿದ್ರಾ?"

"ಇಲ್ಲ. ನೀವಿದ್ರಾ?"

ಈ ಸಲ ಇಪ್ಪತ್ತಮೂರು ಜನರೂ ನಕ್ಕರು. ಅವಳು ಛತ್ರಿಯ ತುದಿಯನ್ನು ಅವನ ಕಡೆ ಈಟಿಯಂತೆ ತಿರುಗಿಸಿದಳು.

"ಇವರನ್ನ ಕಳಿಸಿ ಬರ್ತೀನಿ. ಅಲ್ಲೇ ಇರಿ!"

"ಎಲ್ಲಿಗೆ ಹೋಗ್ಲಿ ಮೇಡಂ? ಏಣಿ ಹತ್ರ ನಿಮ್ಮ ಜನಾನೇ ನಿಂತಿದ್ದಾರೆ."

ಅವಳಿಗೆ ಅಷ್ಟು ಸಿಟ್ಟೇಕೆ ಬಂತೆಂದು ತಿಳಿಯಬೇಕಾದರೆ ಆ ಚೌಕವನ್ನು ಸ್ವಲ್ಪ ನೋಡಬೇಕು. ನಡುವೆ ಕಾರಂಜಿ, ಅದರ ಪಕ್ಕ ಕತ್ತಿ ಮುರಿದ ಕುದುರೆ ಸವಾರನ ವಿಗ್ರಹ. ಒಂದು ಬದಿಗೆ ಹಳೆಯ ನ್ಯಾಯಾಲಯ, ಎದುರು ಬದಿಗೆ ಗಡಿಯಾರ ಗೋಪುರ. ಉಳಿದ ಎರಡು ಬದಿಗೂ ಹದಿನಾಲ್ಕು ಕಮಾನುಗಳ ಕಲ್ಲಿನ ಹಜಾರ. ಅವಳು ಅಲ್ಲಿ ಐದು ವರ್ಷದಿಂದ ಗೈಡ್. ಅವಳಿಗಿಂತ ಮೊದಲು ಮೂವತ್ತು ವರ್ಷ ಅವಳ ಅಪ್ಪ ಗೈಡ್ ಆಗಿದ್ದರು. ಅಪ್ಪನ ಹೆಸರು ಚೌಕದಲ್ಲಿ ಯಾರಿಗೂ ಬೇಕಿರಲಿಲ್ಲ, ಕಥೆ ಮಾಸ್ತರ್ ಎಂದರೆ ಟಿಕೆಟ್ ಕೊಡುವವನಿಂದ ಹಿಡಿದು ಟೀ ಅಂಗಡಿಯವನವರೆಗೆ ಎಲ್ಲರಿಗೂ ಗೊತ್ತು.

ಕಥೆ ಮಾಸ್ತರರ ಕಥೆ ಯಾವಾಗಲೂ ಮುಗಿಯುತ್ತಿದ್ದುದು ಏಳನೇ ಕಮಾನಿನ ಕೆಳಗೆ. ಅದರ ನೆತ್ತಿಯ ಕಲ್ಲಿನ ಮೇಲೆ ಅಂಗೈಯಗಲದ ಎರಡು ಗುರುತುಗಳಿದ್ದವು. ಒಬ್ಬ ಕಲ್ಲುಕುಟಿಗ ಬಾಣ ಕೆತ್ತಿದನಂತೆ. ಅವನು ಮೆಚ್ಚಿದ, ಕಾರಂಜಿಯಿಂದ ನೀರು ಹೊರುವ ಹುಡುಗಿ ಅವನ ಉಳಿಯನ್ನೇ ಕಸಿದುಕೊಂಡು ಪಕ್ಕದಲ್ಲಿ ಅರ್ಧಚಂದ್ರ ಕೆತ್ತಿದಳಂತೆ. ಮೂವತ್ತೈದು ವರ್ಷದ ಹಿಂದೆ ಒಬ್ಬಳು ಪ್ರವಾಸಿ ಹುಡುಗಿ ಅದನ್ನು ಕೇಳಿ ಅತ್ತಿದ್ದಳು. ಮಾಸ್ತರ್ ಅವಳಿಗೆ ತಮ್ಮ ಕರವಸ್ತ್ರ ಕೊಟ್ಟರು. ಆ ಹುಡುಗಿ ಆಮೇಲೆ ಅವರ ಹೆಂಡತಿಯಾದಳು, ಇವಳ ಅಮ್ಮನಾದಳು, ಇವಳಿಗೆ ಹನ್ನೊಂದು ತುಂಬುವಷ್ಟರಲ್ಲಿ ತೀರಿಯೂ ಹೋದಳು.

ನಿವೃತ್ತರಾದ ಮೇಲೂ ಅಪ್ಪ ದಿನಾ ಮಧ್ಯಾಹ್ನ ಬಂದು ಏಳನೇ ಕಮಾನಿನ ಕೆಳಗಿನ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂರುತ್ತಿದ್ದರು. ಅಂಥ ಕಥೆಯನ್ನು ಬಾಳೆಹಣ್ಣು ತಿನ್ನುವವನೊಬ್ಬ ಸುಳ್ಳೆಂದರೆ ಮಗಳಾದವಳು ಸುಮ್ಮನಿರುತ್ತಾಳೆಯೇ?

* * *

ಜಗಳವಾಡಲೆಂದು ಏಣಿ ಹತ್ತಿದವಳು ಇಳಿಯುವ ಹೊತ್ತಿಗೆ ಜಗಳ ಮರೆತಿದ್ದಳು.

ಅವನು ಹಳೆಯ ಕಟ್ಟಡಗಳ ಕಲ್ಲು ದುರಸ್ತಿ ಮಾಡುವವನು. ಹದಿನಾಲ್ಕು ಕಮಾನುಗಳ ಒಂದೊಂದು ಕಲ್ಲನ್ನೂ ತಟ್ಟಿ ನೋಡಿ, ಇರಬೇಕೋ ಹೋಗಬೇಕೋ ಎಂದು ಹೇಳುವುದು ಅವನ ಕೆಲಸ.

"ಕೇಳಿ," ಎಂದು ಒಂದು ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಟಣ್! "ಇದು ಗಟ್ಟಿ." ಪಕ್ಕದ್ದನ್ನು ತಟ್ಟಿದ. ಡಬ್. "ಇದು ಒಳಗೇ ಬಿರುಕು ಬಿಟ್ಟಿದೆ. ನೋಡೋಕೆ ಎರಡೂ ಒಂದೇ ಥರ, ಅಲ್ವಾ?"

ಗಟ್ಟಿ ಕಲ್ಲಿಗೆ ಸೀಮೆಸುಣ್ಣದಿಂದ ಸೊನ್ನೆ, ಕೆಟ್ಟ ಕಲ್ಲಿಗೆ ಇಂಟು ಗುರುತು. ಕೆಲಸದವರು ಇವನನ್ನು ಏನೂ ಕೇಳುತ್ತಿರಲಿಲ್ಲ, ಗುರುತು ನೋಡಿಯೇ ಮುಂದುವರಿಯುತ್ತಿದ್ದರು. ಇಂಟು ಇದ್ದರೆ ಕೆಳಗೆ ಮರದ ಆಸರೆ ಕೊಟ್ಟು, ಸುತ್ತ ಹಗ್ಗ ಕಟ್ಟಿ, ಯಾರನ್ನೂ ಬಿಡುತ್ತಿರಲಿಲ್ಲ. ಕಮಾನಿನಲ್ಲೆಲ್ಲ ಸೊನ್ನೆಯೇ ಇದ್ದರೆ ಫೋಟೋ ತೆಗೆದುಕೊಂಡು ಅಟ್ಟಣಿಗೆಯನ್ನು ಮುಂದಿನ ಕಮಾನಿಗೆ ಎಳೆಯುತ್ತಿದ್ದರು.

"ನಿಮ್ಮ ಸೊನ್ನೆ ಯಾಕೆ ಪೂರ್ತಿ ಆಗಿಲ್ಲ?" ಎಂದು ಅವಳು ಕೇಳಿದಳು. ಅವನ ಪ್ರತಿ ಸೊನ್ನೆಯ ಕೆಳಗೂ ಬೆರಳಗಲ ಜಾಗ ಖಾಲಿ ಇರುತ್ತಿತ್ತು.

"ಅಭ್ಯಾಸ. ಕೈ ಅಲ್ಲಿಗೆ ನಿಂತುಬಿಡುತ್ತೆ."

"ನಿಮ್ಮ ಸೊನ್ನೆಗೂ ಬಾಯಿ ಇದೆ ಬಿಡಿ. ನಿಮ್ಮ ಹಾಗೇ, ಮುಚ್ಚೋದೇ ಇಲ್ಲ!"

ಅವನು ನಕ್ಕ. ನಗುವಾಗ ಹುಬ್ಬಿನ ಮೇಲಿದ್ದ ಕಲ್ಲಿನ ಪುಡಿ ಉದುರಿತು. ಅವಳ ಎದೆಯಲ್ಲಿ ಏನೋ ಟಣ್ ಎಂದಿತು... ಅಯ್ಯೋ, ಇದೇನಿದು!

ಮೂರು ತಿಂಗಳು. ಆ ಒಂದು ಕಮಾನೇ ಅಷ್ಟು ಕೆಲಸ ಹಿಡಿಯಿತು, ನೆತ್ತಿಯ ಕಲ್ಲನ್ನು ಅವನು ಕೊನೆಗೆ ಉಳಿಸಿಕೊಂಡಿದ್ದ. ಅವಳು ಅವನನ್ನು ಸುತ್ತಿಗೆ ಸಾಹೇಬ್ ಎಂದಳು, ಅವನು ಅವಳನ್ನು ಛತ್ರಿ ಎಂದ. ಹಾಗೆ ಕರೆದಾಗಲೆಲ್ಲ ಅವಳು ಸಿಟ್ಟಾದಂತೆ ನಟಿಸುತ್ತಿದ್ದಳು, ಅದನ್ನು ನೋಡಲೆಂದೇ ಅವನು ಕರೆಯುತ್ತಿದ್ದ. ಚೌಕದಲ್ಲಿ ಎಂಟು ಜನ ಗೈಡ್‌ಗಳ ಎಂಟು ಛತ್ರಿ ತೇಲುತ್ತಿದ್ದರೂ ಅವನ ಕಣ್ಣಿಗೆ ಬೀಳುತ್ತಿದ್ದುದು ಹಳದಿಯದೊಂದೇ. ಅಟ್ಟಣಿಗೆಯ ಮೇಲೆ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದ ಒಂದು ದಿನ ಅವನು ಇದ್ದಕ್ಕಿದ್ದಂತೆ ಕೇಳಿದ.

"ನಿಮ್ಮಪ್ಪನ ಹತ್ರ ಯಾವಾಗ ಬರ್ಲಿ?"

ಅವಳು ತುತ್ತನ್ನು ಡಬ್ಬಿಗೇ ಹಿಂದಿಟ್ಟಳು.

"ಭಾನುವಾರ ಸಂಜೆ. ಆದ್ರೆ ಒಂದು ಮಾತು... ಅಪ್ಪ ಏಳನೇ ಕಮಾನಿನ ಕಥೆ ಹೇಳೇ ಹೇಳ್ತಾರೆ. ದಯವಿಟ್ಟು ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರ್ತೀಯಾ?"

"ನೋಡೋಣ."

ನೋಡೋಣ ಎಂದಾಗಲೇ ಅವಳು ಎಚ್ಚರವಾಗಬೇಕಿತ್ತು!

* * *

ಎರಡು ಕೋಣೆಯ ಮನೆ. ಗೋಡೆ ತುಂಬಾ ಚೌಕದ ಹಳೆಯ ಫೋಟೋಗಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಹುಡುಗ ಅವರಿಗೆ ಹಿಡಿಸಿದ್ದ. ಎರಡನೇ ಸಲ ಟೀ ತರಲು ಹೇಳಿದ್ದೇ ಅದಕ್ಕೆ ಸಾಕ್ಷಿ.

"ಏನಪ್ಪಾ ಕಲ್ಲು ಡಾಕ್ಟ್ರೇ, ನಮ್ಮ ಏಳನೇ ಕಮಾನು ಹೇಗಿದೆ? ಅದರ ಕಥೆ ಗೊತ್ತಾ ನಿನಗೆ?"

ಅಪ್ಪ ಕಥೆ ಹೇಳಿದರು. ಮೂವತ್ತೈದು ವರ್ಷದ ಹಿಂದಿನ ಕರವಸ್ತ್ರದ ಪ್ರಸಂಗ ಬಂದಾಗ ಅವರು ಜೇಬನ್ನು ಮುಟ್ಟಿ ನೋಡಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವಳು ಅವನಿಗೆ ಕಣ್ಣಲ್ಲೇ ಬೇಡಿಕೊಂಡಳು. ಸುಮ್ಮನಿರು ಮಾರಾಯ... ಹೂಂ ಅಂದುಬಿಡು, ಸಾಕು...

"ಕಥೆ ಚೆನ್ನಾಗಿದೆ ಸಾರ್," ಎಂದ ಅವನು. "ಆದ್ರೆ ನಿಜ ಅಲ್ಲ."

ಅಪ್ಪನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

"ಆ ಗುರುತು ಕೆಲಸದವರದ್ದು. ಇನ್ನೊಂದು ವಿಷಯ, ಆ ಕಲ್ಲಿನ ಮೇಲೇ ನನಗೆ ಅನುಮಾನ ಇದೆ. ನಾಳೆ ಬೆಳಿಗ್ಗೆ ಸರಿಯಾಗಿ ತಟ್ಟಿ ನೋಡ್ಬೇಕು. ಪ್ರಾಯಶಃ ಬದಲಾಯಿಸ್ಬೇಕಾಗುತ್ತೆ."

"ನನ್ನ ಮಗಳನ್ನ ಕೇಳೋಕೆ ಬಂದ್ಯೋ, ನನ್ನ ಕಲ್ಲು ಕೀಳೋಕೆ ಬಂದ್ಯೋ?"

"ಸಾರ್, ನಾನು..."

"ನನ್ನ ಹೆಂಡತಿ ಅತ್ತಿದ್ದು ಸುಳ್ಳಿಗಾ? ಎದ್ದೇಳು. ನನ್ನ ಮನೆಯ ಟೀ ಕುಡಿದದ್ದಾಯ್ತಲ್ಲ, ಎದ್ದೇಳು!"

ಅವಳು ಅವನ ಹಿಂದೆಯೇ ಮೆಟ್ಟಿಲಿಳಿದು ಓಡಿದಳು.

"ಒಂದು ಸುಳ್ಳು! ನನಗೋಸ್ಕರ ಒಂದೇ ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿನಗೆ?"

"ಸುಳ್ಳು ಹೇಳಿ ನಿನ್ನನ್ನ ಕೇಳ್ಲಾ?"

"ಬೇಡ. ಕೇಳ್ಲೇಬೇಡ. ಹೋಗು!"

ಅವನು ಒಂದು ಕ್ಷಣ ನಿಂತ. ಆಮೇಲೆ ಬೀದಿಗಿಳಿದು ಹೋದ.

* * *

ಮರುದಿನ ಬೆಳಿಗ್ಗೆ ಎಂಟೂವರೆಗೆ ಅವಳು ಚೌಕಕ್ಕೆ ಬಂದಾಗ ಏಳನೇ ಕಮಾನಿನ ನೆತ್ತಿಯ ಮೇಲೆ ದೊಡ್ಡ ಇಂಟು ಗುರುತು ಇತ್ತು. ಬಾಣದ ಮೇಲೊಂದು ಗೆರೆ, ಅರ್ಧಚಂದ್ರದ ಮೇಲೊಂದು ಗೆರೆ.

ಅವನಿರಲಿಲ್ಲ. ಬೆಳಕು ಹರಿಯುತ್ತಲೇ ಬಂದು ಗುರುತು ಹಾಕಿ, ಕಲ್ಲು ಗಣಿಗೆ ಹೋದನೆಂದು ಕಾವಲಿನವನು ಹೇಳಿದ. ಫೋನ್ ಮಾಡಿದಳು. ಸಿಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ... ಗಣಿಯ ಹೊಂಡದಲ್ಲಿ ಫೋನ್ ಎಲ್ಲಿ ಸಿಗಬೇಕು?

ಹಠ ಸಾಧಿಸಿದ, ಎಂದುಕೊಂಡಳು. ರಾತ್ರಿ ಬೆಳಗಾಗುವುದರೊಳಗೆ ಸಾಧಿಸಿಬಿಟ್ಟ. ಅಪ್ಪ ಎದ್ದೇಳು ಅಂದಿದ್ದಕ್ಕೆ ಅಪ್ಪನ ಕಲ್ಲಿಗೇ ಇಂಟು ಹಾಕಿದ. ಮಧ್ಯಾಹ್ನ ಅಪ್ಪ ಬಂದು ಇದನ್ನು ನೋಡಿದರೆ?

ಆಮೇಲೆ ಅವಳು ಮಾಡಿದ್ದನ್ನು ಮಾಡಲು ಅವನ ಗುರುತುಗಳ ಅರ್ಥ ಗೊತ್ತಿದ್ದವರಿಂದ ಮಾತ್ರ ಆಗುತ್ತಿತ್ತು. ಕಾರಂಜಿಯ ನೀರಿನಲ್ಲಿ ಕರವಸ್ತ್ರ ಅದ್ದಿದಳು. ಏಣಿ ಹತ್ತಿದಳು. ಇಂಟು ಗುರುತನ್ನು ಉಜ್ಜಿ ಉಜ್ಜಿ ಒರೆಸಿದಳು. ಅಟ್ಟಣಿಗೆಗೆ ಕಟ್ಟಿದ್ದ ಅವನ ತಗಡಿನ ಡಬ್ಬಿಯಿಂದ ಸೀಮೆಸುಣ್ಣ ತೆಗೆದು ಅಲ್ಲಿ ಒಂದು ಸೊನ್ನೆ ಬರೆದಳು. ಸೊನ್ನೆ ದುಂಡಗೆ, ಚೆಂದವಾಗಿ ಬಂತು.

ಹತ್ತು ಗಂಟೆಗೆ ಕೆಲಸದವರು ಬಂದರು. ಸೊನ್ನೆ ನೋಡಿದರು, ಫೋಟೋ ತೆಗೆದರು, ಅಟ್ಟಣಿಗೆಯನ್ನು ಎಂಟನೇ ಕಮಾನಿಗೆ ಎಳೆದರು. ಕೆಳಗೆ ಆಸರೆಯನ್ನೂ ಕೊಡಲಿಲ್ಲ, ಹಗ್ಗವನ್ನೂ ಕಟ್ಟಲಿಲ್ಲ. ಮಧ್ಯಾಹ್ನ ಅಪ್ಪ ಬಂದು ಎಂದಿನಂತೆ ಬೆಂಚಿನ ಮೇಲೆ ಕೂತಾಗ ಅವಳು ದೂರದಿಂದ ನೋಡಿ ಸಮಾಧಾನಪಟ್ಟಳು. ಗೆದ್ದೆ ಎಂದೂ ಅನ್ನಿಸಿತ್ತು, ಪಾಪ.

ಮೂರನೇ ದಿನ ಮಧ್ಯಾಹ್ನ ಒಂದೂಕಾಲಿಗೆ ಆ ಕಲ್ಲಿನ ಕೆಳಭಾಗ ಸೀಳಿ ಬಿತ್ತು.

ಅವಳು ಕಾರಂಜಿಯ ಬಳಿ ಗುಂಪಿಗೆ ಕುದುರೆ ಸವಾರನ ಕಥೆ ಹೇಳುತ್ತಿದ್ದಳು. ಶಬ್ದಕ್ಕೆ ಪಾರಿವಾಳಗಳೆಲ್ಲ ಎದ್ದವು. ಧೂಳಿನ ನಡುವೆ ಅಪ್ಪ ಬೆಂಚಿನಿಂದ ಕೆಳಗೆ ಜಾರಿದ್ದರು. ಅವರ ಬಲ ಮೊಣಕಾಲಿನ ಜಾಗದಲ್ಲಿ ಮೊಣಕಾಲಿನ ಆಕಾರವೇ ಇರಲಿಲ್ಲ.

"ಅಪ್ಪಾ!"

ಛತ್ರಿ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ.

ಅದೇ ಸಂಜೆ ಗಣಿಯಿಂದ ಒಂದು ಲಾರಿ ಬಂತು. ಅದರಲ್ಲಿ ಒಂದೇ ಒಂದು ಕಲ್ಲಿತ್ತು. ಹಳೆಯ ಕಲ್ಲಿನದೇ ಬಣ್ಣ, ಅದೇ ಎಳೆ. ಆ ಬಣ್ಣ ಹುಡುಕಲು ಅವನು ಮೂರು ದಿನ ಗಣಿಯಲ್ಲಿ ಅಲೆದಿದ್ದ.

* * *

ವಿಚಾರಣೆ ನಡೆದದ್ದು ಚೌಕದ ಹಳೆಯ ನ್ಯಾಯಾಲಯದ ಒಂದು ಕೋಣೆಯಲ್ಲಿ. ಅವಳು ಗಾಯಾಳುವಿನ ಮಗಳೆಂದು ಅಲ್ಲಿ ಕೂತಿದ್ದಳು.

ಸ್ಮಾರಕ ಇಲಾಖೆಯ ಅಧಿಕಾರಿ, ಕೆಲಸದವರು ತೆಗೆದಿದ್ದ ಫೋಟೋವನ್ನು ಅವನ ಮುಂದಿಟ್ಟರು.

"ಇದು ನೀವು ಹಾಕಿದ ಗುರುತೇನ್ರೀ?"

ಅವಳಿಗೂ ಫೋಟೋ ಕಾಣುತ್ತಿತ್ತು. ಸೊನ್ನೆ ಪೂರ್ತಿ ಮುಚ್ಚಿತ್ತು! ಕೆಳಗೆ ಬೆರಳಗಲವಿರಲಿ, ಕೂದಲೆಳೆಯಷ್ಟೂ ಜಾಗವಿರಲಿಲ್ಲ.

ಅವನು ಆ ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. ಅವನಿಗೆ ಗೊತ್ತಾಯಿತು. ಅವನಿಗೆ ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು.

"ಹೌದು ಸಾರ್," ಎಂದ ಅವನು. "ನನ್ನ ಗುರುತೇ."

ಹೇಳು... ಈಗಲೇ ಹೇಳು... ಎದ್ದು ನಿಂತು ಹೇಳು... ಎಂದು ಅವಳ ಮನಸ್ಸು ಕೂಗಿತು. ಅವಳು ಕೂತೇ ಇದ್ದಳು. ಆಸ್ಪತ್ರೆಯಲ್ಲಿ ಅಪ್ಪ ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದರು. ನಿನ್ನ ಕಾಲು ಮುರಿದವಳು ನಾನೇ ಅಪ್ಪಾ ಎಂದು ಯಾವ ಬಾಯಿಂದ ಹೇಳುವುದು? ನಾಳೆ ಹೇಳುತ್ತೇನೆ, ಎಂದುಕೊಂಡಳು.

ವಿಚಾರಣೆ ಮೂರು ದಿನ ನಡೆಯಿತು. ಮೊದಲ ದಿನ ಅವನು ಅವಳನ್ನು ನೋಡಿದ. ಎರಡನೇ ದಿನವೂ ನೋಡಿದ. ಮೂರನೇ ದಿನ ನೋಡಲಿಲ್ಲ.

ಅವನ ಕೆಲಸ ಹೋಯಿತು. ಇನ್ನು ಯಾವ ಸ್ಮಾರಕವನ್ನೂ ಮುಟ್ಟಕೂಡದೆಂದು ಆದೇಶವಾಯಿತು. ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡು ಅವನು ಊರು ಬಿಟ್ಟ. ಅವಳಿಗೆ ಒಂದು ಫೋನ್ ಇಲ್ಲ, ಒಂದು ಸಾಲು ಇಲ್ಲ. ಇವಳಾದರೂ ಮಾಡಿದಳೇ? ಇಲ್ಲ. ಏನೆಂದು ಮಾಡುವುದು?

* * *

ಮೂರು ವರ್ಷ ಎನ್ನುವುದು ಹೇಳಲು ಎರಡು ಪದ.

ಅಪ್ಪನಿಗೆ ಊರುಗೋಲು ಬಂತು. ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡುವಾಗ ಒಂದು ಸಲ, ಸಂಜೆ ಮೇಲಿಡುವಾಗ ಒಂದು ಸಲ ಅವರು ಅವನಿಗೆ ಶಾಪ ಹಾಕುತ್ತಿದ್ದರು.

"ಕಲ್ಲು ಡಾಕ್ಟ್ರಂತೆ ಡಾಕ್ಟ್ರು! ಕೆಟ್ಟ ಕಲ್ಲಿಗೆ ಸೊನ್ನೆ ಹಾಕಿದ ಮುಠ್ಠಾಳ. ಅವನ ಕೈ ಸೇದಿಹೋಗ... ನಿನ್ನನ್ನ ಅವನಿಗೆ ಕೊಡ್ಲಿಲ್ಲವಲ್ಲ, ಅಷ್ಟು ಪುಣ್ಯ ಮಾಡಿದ್ದೆ ಮಗಳೇ."

ಅವಳು ಮೊಣಕಾಲಿಗೆ ಎಣ್ಣೆ ತಿಕ್ಕುತ್ತಾ ಕೇಳುತ್ತಿದ್ದಳು. ಒಂದೊಂದು ಬೈಗುಳವೂ ತನ್ನ ವಿಳಾಸಕ್ಕೆ ಬರಬೇಕಾದದ್ದು. ಇವತ್ತು ಹೇಳುತ್ತೇನೆ ಎಂದು ಬಾಯಿ ತೆರೆಯುತ್ತಿದ್ದಳು.

"ಅಪ್ಪಾ..."

"ಏನೇ?"

"...ಎಣ್ಣೆ ಬಿಸಿ ಇದೆಯಾ?"

ಅವನು ದೂರದ ಊರಿನ ಒಂದು ಅಂಗಡಿಯಲ್ಲಿ ಅಡುಗೆಮನೆಯ ಕಟ್ಟೆಗೆ ಕಲ್ಲು ಕೊಯ್ಯುತ್ತಿದ್ದಾನೆಂದು ಚೌಕದ ದುರಸ್ತಿ ಕೆಲಸದ ಹಳೆಯ ಮೇಸ್ತ್ರಿ ಒಮ್ಮೆ ಹೇಳಿದ್ದರು. ನಾನ್ನೂರು ವರ್ಷದ ಕಮಾನಿಗೆ ಕಿವಿಗೊಟ್ಟು ಕೂರುತ್ತಿದ್ದವನು ಈಗ ಒಲೆ ಇಡಲು ತೂತು ಕೊರೆಯುತ್ತಾನೆ! ಅವತ್ತು ಅವಳಿಗೆ ಊಟ ಸೇರಲಿಲ್ಲ.

ಏಳನೇ ಕಮಾನಿಗೆ ತಗಡು ಹೊಡೆದು ಮುಚ್ಚಿದ್ದರು. ಅವಳ ಗುಂಪುಗಳು ಆರನೆಯದರಿಂದಲೇ ಹಿಂತಿರುಗುತ್ತಿದ್ದವು. ಅವನು ತಂದ ಕಲ್ಲು ಇಲಾಖೆಯ ಅಂಗಳದಲ್ಲಿ ಬಿದ್ದಿತ್ತು. ಅನುಮತಿ, ಸಮಿತಿ, ಮತ್ತೆ ಅನುಮತಿ ಎಂದು ಕಾಗದಗಳು ಮೂರು ವರ್ಷ ಸುತ್ತಾಡಿದ ಮೇಲೆ ಕೊನೆಗೂ ಅದೇ ಕಲ್ಲನ್ನು ಕಮಾನಿನ ನೆತ್ತಿಗೆ ಕೂರಿಸಿದರು.

ಕಮಾನು ತೆರೆಯುವ ದಿನ ಮೊದಲ ಗುಂಪು ಅವಳದೇ ಆಗಬೇಕೆಂದು ಅಪ್ಪ ಹಠ ಹಿಡಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಡಚುವ ಕುರ್ಚಿ ತರಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತರು.

"ಹೇಳು ಮಗಳೇ. ಗುರುತು ಹೋದ್ರೆ ಹೋಯ್ತು, ಕಥೆ ಇದೆಯಲ್ಲ."

ಅವಳು ಹಳದಿ ಛತ್ರಿ ಎತ್ತಿದಳು. ಮೂವತ್ತು ಜನರ ಗುಂಪು. ಮೇಲೆ ಹೊಸ ಕಲ್ಲು. ಯಾವ ಗುರುತೂ ಇಲ್ಲ, ಮೂಲೆಯಲ್ಲಿ ಪುಟ್ಟದಾಗಿ ಈ ವರ್ಷದ ಅಂಕಿ ಮಾತ್ರ. ಹೊಸದನ್ನು ಯಾರೂ ಹಳೆಯದೆಂದು ತಿಳಿಯಬಾರದಲ್ಲ, ಅದಕ್ಕೆ.

"ನಾನ್ನೂರು ವರ್ಷದ ಹಿಂದೆ ಇಲ್ಲಿ ಒಬ್ಬ ಕಲ್ಲುಕುಟಿಗ ಇದ್ದ..."

ಗುಂಪಿನ ಕೊನೆಯಲ್ಲಿ ಒಬ್ಬನು, ಯಾರನ್ನೂ ನೋಡದೆ, ಮೇಲಿನ ಕಲ್ಲನ್ನೇ ನೋಡುತ್ತಾ ನಿಂತಿದ್ದ. ತಲೆಯಲ್ಲಿ ಕಲ್ಲಿನ ಪುಡಿ ಇರಲಿಲ್ಲ. ಅಲ್ಲಲ್ಲಿ ಬಿಳಿ ಕೂದಲು ಬಂದಿತ್ತು. ಕೈಯಲ್ಲಿ ಎಲ್ಲರ ಹಾಗೆ ಒಂದು ಟಿಕೆಟ್.

ಅವಳ ಮಾತು ನಿಂತಿತು.

ಬಂದಿದ್ದಾನೆ... ತಾನು ಆರಿಸಿದ ಕಲ್ಲು ನೋಡಲು ಟಿಕೆಟ್ ಕೊಂಡು ಬಂದಿದ್ದಾನೆ...

"ಏನಾಯ್ತೇ? ಮುಂದೆ ಹೇಳು," ಎಂದರು ಅಪ್ಪ.

ಮುಂದೆ ಹೇಳುವುದು ಸುಲಭವಿತ್ತು. ನಿದ್ದೆಯಲ್ಲೂ ಬರುವ ಕಥೆ. ಹೇಳಿದರೆ ಅಪ್ಪ ನಗುತ್ತಾರೆ, ಅವನು ಹೋಗುತ್ತಾನೆ, ನಾಳೆ ಬೆಳಿಗ್ಗೆ ಅಪ್ಪ ಮಂಚದಿಂದ ಕಾಲಿಳಿಸುವಾಗ ಮತ್ತೆ ಅವನಿಗೆ ಬೈಯುತ್ತಾರೆ. ಅವಳು ನಿಧಾನವಾಗಿ ಛತ್ರಿ ಮಡಚಿದಳು.

"ಕ್ಷಮಿಸಿ. ಆ ಕಥೆ ಬೇಡ. ಮೂರು ವರ್ಷದ ಹಿಂದೆ ಇಲ್ಲಿ ನಡೆದದ್ದು ಹೇಳ್ತೀನಿ."

ಮಡಚಿದ ಛತ್ರಿಯನ್ನು ನೆಲದ ಮೇಲಿಟ್ಟು ಮುಂದುವರಿಸಿದಳು.

"ಇಲ್ಲೊಬ್ಬ ಕಲ್ಲು ತಟ್ಟಿ ನೋಡೋನಿದ್ದ. ಇಲ್ಲಿದ್ದ ಹಳೇ ಕಲ್ಲು ಬಿರುಕು ಬಿಟ್ಟಿದೆ ಅಂತ ಅವನಿಗೆ ಗೊತ್ತಾಯ್ತು. ಇಂಟು ಗುರುತು ಹಾಕಿ, ಹೊಸ ಕಲ್ಲು ತರೋಕೆ ಗಣಿಗೆ ಹೋದ. ಒಬ್ಬ ಹುಡುಗಿ ಅವನು ಸಿಟ್ಟಿಗೆ ಹಾಗೆ ಮಾಡಿದ ಅಂದ್ಕೊಂಡ್ಲು. ಆ ಗುರುತು ಒರೆಸಿ ಸೊನ್ನೆ ಬರೆದ್ಲು. ಕಲ್ಲು ಅವಳ ಅಪ್ಪನ ಕಾಲಿನ ಮೇಲೇ ಬಿತ್ತು."

ಅಪ್ಪನ ಊರುಗೋಲು ನೆಲಕ್ಕೆ ತಾಗಿ ಸಣ್ಣ ಸದ್ದಾಯಿತು. ಅವಳು ಆ ಕಡೆ ನೋಡಲಿಲ್ಲ. ನೋಡಿದರೆ ಮುಗಿಸಲಾರೆನೆಂದು ಗೊತ್ತಿತ್ತು.

"ಸೊನ್ನೆ ತನ್ನದಲ್ಲ ಅಂತ ಅವನಿಗೆ ಫೋಟೋ ನೋಡಿದ ಕೂಡ್ಲೇ ಗೊತ್ತಾಯ್ತು. ಆದ್ರೂ ನನ್ನದೇ ಅಂದ. ಅವಳು ಬಾಯಿ ಬಿಡ್ತಾಳೇನೋ ಅಂತ ಮೂರು ದಿನ ಕಾದ. ಅವಳು ಬಿಡ್ಲಿಲ್ಲ. ಅವನ ಕೆಲಸ ಹೋಯ್ತು. ಅವಳು... ಅವಳು ಛತ್ರಿ ಹಿಡ್ಕೊಂಡು ಇಲ್ಲೇ ಕಥೆ ಹೇಳ್ಕೊಂಡಿದ್ಲು. ಆ ಹುಡುಗಿ ನಾನೇ. ಇವತ್ತೇ ಹೋಗಿ ಇಲಾಖೆಗೆ ಬರೆದು ಕೊಡ್ತೀನಿ."

ಮುಂದಿದ್ದ ಒಬ್ಬ ವಯಸ್ಸಾದ ಹೆಂಗಸು ಮೆಲ್ಲಗೆ ಕೇಳಿದರು.

"ಇದೂ ಕಥೆ ತಾನೇ ಅಮ್ಮಾ?"

"ಅಲ್ಲಮ್ಮ. ಇದು ನಿಜ."

"ಸುಳ್ಳು!"

ಮೂವತ್ತು ಜನರೂ ಹಿಂತಿರುಗಿ ನೋಡಿದರು. ಅವನು ಟಿಕೆಟನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದ.

"ಎಲ್ಲಾ ಸರಿ. ಒಂದು ಸುಳ್ಳಿದೆ. ಅವನು ಕಾದದ್ದು ಮೂರು ದಿನ ಅಲ್ಲ. ಮೂರು ವರ್ಷ."

* * *

ಜನ ಒಬ್ಬೊಬ್ಬರಾಗಿ ಕರಗಿದರು. ಆ ವಯಸ್ಸಾದ ಹೆಂಗಸು ಮಾತ್ರ ಹೋಗುವಾಗ ಅವಳ ಭುಜ ಮುಟ್ಟಿ ಹೋದರು.

ಅಪ್ಪ ಕುರ್ಚಿಯಿಂದ ಏಳಲು ಹೆಣಗುತ್ತಿದ್ದರು. ಅವಳು ಓಡಿಹೋಗಿ ತೋಳು ಹಿಡಿದಳು. ಅವರು ತೋಳು ಬಿಡಿಸಿಕೊಂಡರು.

"ಬೇಡ."

"ಅಪ್ಪಾ..."

"ಮೂರು ವರ್ಷ ಎಣ್ಣೆ ತಿಕ್ಕಿದ್ಯಲ್ಲೇ ಈ ಕಾಲಿಗೆ. ಒಂದು ದಿನ ಹೇಳೋಕಾಗ್ಲಿಲ್ವಾ?"

ಅಪ್ಪ ಅವಳನ್ನು ದಾಟಿ ಹಿಂದೆ ನಿಂತವನ ಕಡೆ ಕೈ ಚಾಚಿದರು.

"ಏ ಕಲ್ಲು ಡಾಕ್ಟ್ರೇ, ಬಾ ಇಲ್ಲಿ. ಟೀ ಅಂಗಡಿ ತನಕ ನನ್ನನ್ನ ಕರ್ಕೊಂಡು ಹೋಗು."

ಅವನು ಬಂದು ಅವರ ತೋಳಿಗೆ ಹೆಗಲು ಕೊಟ್ಟ.

"ದಿನಕ್ಕೆರಡು ಹೊತ್ತು ನಿನಗೆ ಬೈದಿದ್ದೀನಪ್ಪಾ. ಕೈ ಸೇದಿಹೋಗ್ಲಿ ಅಂತ ಕೂಡ ಅಂದಿದ್ದೀನಿ."

"ಅದಕ್ಕೇ ಇರ್ಬೇಕು ಸಾರ್, ಎರಡು ಹೊತ್ತೂ ಬಿಕ್ಕಳಿಕೆ ಬರ್ತಿತ್ತು."

ಅಪ್ಪ ನಗಲಿಲ್ಲ. ನಾಲ್ಕು ಹೆಜ್ಜೆ ಹೋದ ಮೇಲೆ, ಹಿಂದೆ ತಿರುಗದೆಯೇ, ಅವಳಿಗೆ ಕೇಳಿಸುವಷ್ಟು ಜೋರಾಗಿ ಹೇಳಿದರು.

"ನಾನು ಇವತ್ತು ಮನೇಲಿ ಮಾತಾಡಲ್ಲ ಅಂತ ಅವಳಿಗೆ ಹೇಳು. ನಾಳೆನೂ ಮಾತಾಡಲ್ಲ."

ಅವರಿಬ್ಬರೂ ಕಾರಂಜಿಯನ್ನು ಬಳಸಿ ನಿಧಾನವಾಗಿ ಹೋಗುವುದನ್ನು ಅವಳು ನೋಡುತ್ತಾ ನಿಂತಳು. ಆಮೇಲೆ ಕಲ್ಲುಬೆಂಚಿನ ಮೇಲೆ ಕೂತಳು. ಕೂತ ಮೇಲೆ ಅಳು ಬಂತು. ತಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಹೆಜ್ಜೆಯ ಸದ್ದಾಯಿತು. ಮಡಚುವ ಕುರ್ಚಿ ತೆಗೆದುಕೊಂಡು ಹೋಗಲು ಅವನು ಹಿಂತಿರುಗಿದ್ದ. ಕುರ್ಚಿ ಮುಟ್ಟದೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ನಡುವೆ ಇಬ್ಬರು ಕೂರುವಷ್ಟು ಜಾಗವಿತ್ತು.

"ಕಲ್ಲು ಚೆನ್ನಾಗಿ ಕೂತಿದೆ," ಎಂದ.

"ಹೂಂ."

"ಬಣ್ಣ ಸರಿಯಾಗಿ ಸಿಕ್ಕಿದೆ."

"ಅವತ್ತು... ಸೊನ್ನೆ ನಿನ್ನದಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಯಾರದ್ದು ಅಂತ ಕೇಳ್ತಿದ್ರು. ನೀನೇ ಹೇಳ್ತೀಯ ಅಂದ್ಕೊಂಡೆ. ಮೊದಲ ದಿನ ನಂಬಿಕೆ ಇತ್ತು. ಎರಡನೇ ದಿನ ಆಸೆ ಇತ್ತು. ಆಮೇಲೆ ಬರೀ ಹಠ." ಅವನು ಅಂಗೈ ನೋಡಿಕೊಂಡ. "ಕೆಲಸ ಹೋಗಿದ್ದಕ್ಕಲ್ಲ. ನಾನು ನಿನ್ನ ಅಪ್ಪನ ಮೇಲೆ ಹಗೆ ಸಾಧಿಸ್ತೀನಿ ಅಂತ ನೀನು ನಂಬಿದ್ಯಲ್ಲ... ಅದು ನುಂಗೋಕೆ ಆಗ್ಲಿಲ್ಲ."

"ಕ್ಷಮಿಸೋಕಾಗುತ್ತಾ?"

"ಗೊತ್ತಿಲ್ಲ. ಇನ್ನೂ ಇಲ್ಲ."

ಅವಳು ಅಳುವಿನ ನಡುವೆಯೇ ನಕ್ಕಳು. ಕಹಿ ನಗು.

"ಇವತ್ತೂ ನಿನಗೆ ಸುಳ್ಳು ಹೇಳೋಕೆ ಬರಲ್ಲ ಅಲ್ವಾ?"

ಅವನು ತಲೆ ಎತ್ತಿ ಗುರುತಿಲ್ಲದ ಆ ಕಲ್ಲನ್ನು ನೋಡಿದ.

"ನಿನಗೋಸ್ಕರ ಒಂದೇ ಒಂದು ಸುಳ್ಳು ಹೇಳು ಅಂದಿದ್ಯಲ್ಲ, ನಿಮ್ಮ ಮನೆ ಮೆಟ್ಟಿಲ ಮೇಲೆ. ನೆನಪಿದೆಯಾ? ಹೇಳಿದ್ನಲ್ಲ ಆಮೇಲೆ. 'ನನ್ನ ಗುರುತೇ' ಅಂತ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅವನು ಅವಳನ್ನು ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಎದ್ದೂ ಹೋಗಲಿಲ್ಲ. ಅವಳ ಅಳು ಮುಗಿಯುವ ತನಕ ಅಲ್ಲೇ ಕೂತಿದ್ದ. ಆಮೇಲೆ ಎದ್ದು ಅಪ್ಪನ ಕುರ್ಚಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಅವಳ ಛತ್ರಿಯನ್ನೂ ನೆಲದಿಂದ ಎತ್ತಿಕೊಂಡ.

"ಬಾ ಛತ್ರಿ. ಟೀ ಆರಿಹೋಗುತ್ತೆ."

"ಅಪ್ಪ ನನಗೂ ಟೀ... ಟೀ ಹೇಳಿದ್ರಾ?"

"ಮೂರು ಅಂತ ಹೇಳಿದ್ರು. ಮೂರನೇದು ಯಾರಿಗೆ ಅಂತ ಅಂಗಡಿಯವನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ಲಿಲ್ಲ."